ಹಳೆ ಮೆಡಲ್ ಕೊಳ್ಳುವಾಗ ಮುತ್ತಜ್ಜನ ಹೆಸರು ಹೇಳಬೇಡಿ

ಬ್ರಿಟಿಷರ ಕಾಲದ ಮಿಲಿಟರಿ ಮೆಡಲ್, ಬ್ಯಾಡ್ಜ್ ಹುಡುಕುತ್ತಿರುವವರಿಗೆ ಒಂದು ಮಾತು. ಮಾರುವವರಿಗೆ ನಿಮ್ಮ ಮನೆಯ ಹಿರಿಯರ ಹೆಸರನ್ನು ಯಾವ ಕಾರಣಕ್ಕೂ ಹೇಳಬೇಡಿ. ನಾನು ಹೇಳಿಬಿಟ್ಟೆ. 42,000 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟ ಸಂಗತಿ ಇನ್ನೊಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ತಲೆಮಾರುಗಳಿಂದ ಮೈಸೂರು ಸೀಮೆಯಲ್ಲಿ ನೆಲೆಸಿರುವ ಮರಾಠ ಮನೆತನ. ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದಲ್ಲಿ ಸವಾರರಾಗಿದ್ದರು. ಮೊದಲ ಮಹಾಯುದ್ಧ ಶುರುವಾದಾಗ, 1914ರ ಕೊನೆಗೆ ಆ ದಳ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಊರನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಇದೆ. ಚಿಕ್ಕವನಿದ್ದಾಗ ಅಪ್ಪ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಅದರ ಮುಂದೆ ನಿಲ್ಲಿಸಿದ್ದರು.

ಮುತ್ತಜ್ಜ ತಂದ ಬೆಳ್ಳಿ ಮೆಡಲ್ಲನ್ನು ಅಜ್ಜಿ ‘ಕುದುರೆ ಬಿಲ್ಲೆ’ ಅನ್ನುತ್ತಿದ್ದರು. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಬರಿಮೈಯಲ್ಲಿ ಕುದುರೆ ಮೇಲೆ ಕೂತ ಸವಾರ. ಅದೇ ಬ್ರಿಟಿಷ್ ವಾರ್ ಮೆಡಲ್. ಅತ್ತೆಯ ಮದುವೆಗೆ ಅದನ್ನು ಕರಗಿಸಿ ಕಾಲುಗೆಜ್ಜೆ ಮಾಡಿಸಿದರು. ಆಗಿನ ಕಷ್ಟ ಹಾಗಿತ್ತು, ಯಾರನ್ನೂ ಬೈಯಲಾರೆ. 1980ರ ಹೊತ್ತಿಗೆ ಬೆಳ್ಳಿ ಬೆಲೆ ಏರಿದಾಗ ಬ್ರಿಟನ್ನಿನಲ್ಲೇ ಇಂಥ ಎಷ್ಟೋ ಮೆಡಲ್‌ಗಳು ಕರಗಿಹೋದವು. ಆದರೂ ನನ್ನ ಮನಸ್ಸಿನಿಂದ ಅದು ಹೋಗಲೇ ಇಲ್ಲ.

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಹಳೆ ಮಿಲಿಟರಿ ಸಾಮಾನು ಮಾರುವ ಒಬ್ಬರ ಪರಿಚಯವಾಯಿತು. ಮೈಸೂರು ಲ್ಯಾನ್ಸರ್ಸ್‌ನದು ಏನಾದರೂ ಇದೆಯಾ ಎಂದು ಕೇಳಿದೆ. ಯಾಕೆ ಎಂದು ಕೇಳಿದರು. ಎಲ್ಲಾ ಹೇಳಿದೆ. ಮುತ್ತಜ್ಜನ ಪೂರ್ತಿ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ‘ಇಂಥವು ಕೆಲವೊಮ್ಮೆ ಬರುತ್ತವೆ, ಕಣ್ಣಿಟ್ಟಿರುತ್ತೇನೆ’ ಅಂದರು. ಮೂರು ವಾರಕ್ಕೆ ಫೋಟೋ ಬಂತು. ಒಂದು ಬೆಳ್ಳಿ ಮೆಡಲ್, ಒಂದು ಕಂಚಿನ ಸ್ಟಾರ್ (ನಕ್ಷತ್ರದ ಆಕಾರದ ಮೆಡಲ್), ಟೋಪಿಗೆ ಹಾಕುವ ಒಂದು ಬ್ಯಾಡ್ಜ್. ಬೆಳ್ಳಿ ಮೆಡಲ್ಲಿನ ಅಂಚಿನಲ್ಲಿ ನಂಬರ್, ಸವಾರ ಎಂಬ ಹುದ್ದೆ, ನಮ್ಮ ಮುತ್ತಜ್ಜನ ಹೆಸರು, ದಳದ ಹೆಸರು. ಅಕ್ಕಸಾಲಿಗ ಅದನ್ನು ಕರಗಿಸದೆ ಮಾರಿರಬೇಕು ಅಂದುಕೊಂಡೆ. ನನ್ನ ಕೈ ನಡುಗುತ್ತಿತ್ತು. ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಅವತ್ತೇ ದುಡ್ಡು ಕಳಿಸಿದೆ.

ಮನೆಯಲ್ಲಿ ಎರಡು ತಿಂಗಳು ಅದು ದೇವರ ಮುಂದೆ ಇತ್ತು. ಆಮೇಲೆ ಮೈಸೂರಿನಲ್ಲಿ ನಾಲ್ಕು ದಶಕದಿಂದ ಮೆಡಲ್ ಕೂಡಿಡುತ್ತಿರುವ ಒಬ್ಬ ಹಿರಿಯರಿಗೆ ತೋರಿಸಲು ತೆಗೆದುಕೊಂಡು ಹೋದೆ. ಅವರು ದೊರೆಯ ಮುಖವನ್ನೂ ನೋಡಲಿಲ್ಲ, ಕುದುರೆಯನ್ನೂ ನೋಡಲಿಲ್ಲ. ಡ್ರಾಯರಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಅಡ್ಡಗಲ ಅಳೆದರು. ಈ ಮೆಡಲ್ 36 ಮಿಲಿಮೀಟರ್ ಇರಬೇಕು. ನನ್ನದು 35.2 ಬಂತು. ಬೇರೆ ಬೇರೆ ಕಡೆ ಹಿಡಿದು ನಾಲ್ಕು ಸಲ ಅಳೆದರು. ಎಲ್ಲ ಕಡೆ ಒಂದೇ ಸಮ ಇರಲಿಲ್ಲ.

‘ಮೆಡಲ್ ಅಸಲಿ. ಅಂಚಿಗೆ ಅರ ಹಾಕಿ ಉಜ್ಜಿದ್ದಾರೆ. ಹಳೆ ಹೆಸರು ತೆಗೆದು ಹೊಸದು ಹಾಕಿದ್ದಾರೆ’ ಅಂದರು. ಭೂತಗನ್ನಡಿ ಕೊಟ್ಟರು. ಸರ್ಕಾರ ಹಾಕಿಸಿದ ಹೆಸರಾದರೆ ಅಕ್ಷರಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ, ಒಂದೇ ಆಳ, ಒಂದೇ ಸಾಲು. ನನ್ನದರಲ್ಲಿ ಅಕ್ಷರಗಳು ಮೇಲೆ ಕೆಳಗೆ ಓಲಾಡುತ್ತಿದ್ದವು. ಅಕ್ಷರದ ಕೆಳಗೆ ಅರದ ಸಣ್ಣ ಗೀರುಗಳು ಸಾಲಾಗಿ ಕಾಣುತ್ತಿದ್ದವು.

ಆಗಲೇ ಹೆಸರನ್ನು ನಾನು ಅಕ್ಷರ ಅಕ್ಷರವಾಗಿ ಓದಿದ್ದು. ಕೊನೆಯಲ್ಲಿ ‘ರಾವ್’ ಎನ್ನುವುದು ಆರ್, ಎ, ಎ, ಓ ಎಂದಿತ್ತು. ಎ ಎರಡು ಸಲ. ಫೋನ್ ತೆಗೆದು ನನ್ನ ಹಳೆ ಮೆಸೇಜ್ ನೋಡಿದೆ. ಅವಸರದಲ್ಲಿ ನಾನೇ ಎರಡು ಸಲ ಒತ್ತಿದ್ದೆ. ನನ್ನ ಟೈಪಿಂಗ್ ತಪ್ಪು ಬೆಳ್ಳಿಯ ಮೇಲೆ ಹಾಗೇ ಕೂತಿತ್ತು.

ನೋವಿನ ವಿಷಯ ಇದು. ಈ ಮೆಡಲ್ 60 ಲಕ್ಷಕ್ಕೂ ಹೆಚ್ಚು ಜನರಿಗೆ ಸಿಕ್ಕಿದ್ದು, ಸುಲಭವಾಗಿ ಸಿಗುತ್ತದೆ. ಆದರೆ ಪ್ರತಿಯೊಂದರ ಅಂಚಿನಲ್ಲೂ ಒಬ್ಬನ ಹೆಸರು ಇರುತ್ತದೆ. ನನಗೆ ಮಾರುವುದಕ್ಕೋಸ್ಕರ ಯಾವನೋ ಒಬ್ಬ ಸೈನಿಕನ ಹೆಸರನ್ನು ಉಜ್ಜಿ ಹಾಕಿದರು. ಅವನು ಪಂಜಾಬಿನವನೋ, ಸ್ಕಾಟ್ಲೆಂಡಿನವನೋ. ಅವನ ಮೊಮ್ಮಕ್ಕಳೂ ಇದನ್ನು ಹುಡುಕುತ್ತಿರಬಹುದು, ಅಲ್ವಾ? ಅವರಿಗೆ ಇನ್ನು ಯಾವತ್ತೂ ಸಿಗುವುದಿಲ್ಲ.

ಸ್ಟಾರ್ ಕಥೆ ಇನ್ನೂ ಬೇಗ ಮುಗಿಯಿತು. ಈ ಕಂಚಿನ ಸ್ಟಾರ್‌ನಲ್ಲಿ ಎರಡು ಬಗೆ. ಒಂದರ ನಡುವೆ 1914 ಎಂದಿದ್ದು, ಅದರ ಮೇಲೆ ಕೆಳಗೆ ಆಗಸ್ಟ್, ನವೆಂಬರ್ ಎಂಬ ಪುಟ್ಟ ಪಟ್ಟಿಗಳಿರುತ್ತವೆ. ಅದು 1914ರ ಆ ಕೆಲವೇ ತಿಂಗಳಲ್ಲಿ ಫ್ರಾನ್ಸ್, ಬೆಲ್ಜಿಯಂನಲ್ಲಿ ಇದ್ದವರಿಗೆ ಮಾತ್ರ. ಇನ್ನೊಂದರಲ್ಲಿ 1914-15 ಎಂದು ಒಂದೇ ಪಟ್ಟಿ. ಈಜಿಪ್ಟಿಗೆ ಹೋದ ನಮ್ಮ ದಳಕ್ಕೆ ಸಲ್ಲುವುದು ಎರಡನೆಯದು. ನನಗೆ ಮಾರಿದ್ದು ಮೊದಲನೆಯದು, ‘ಇದು ಜಾಸ್ತಿ ಅಪರೂಪ’ ಎಂಬ ಮಾತಿನ ಜೊತೆ. ಸ್ಟಾರ್‌ನಲ್ಲಿ ಹೆಸರು ಹಿಂಬದಿಯಲ್ಲಿ ಇರಬೇಕು. ಇದರ ಹಿಂಬದಿ ಖಾಲಿ, ಎರಕ ಹೊಯ್ದಾಗ ಬೀಳುವ ಸಣ್ಣ ತೂತುಗಳು ಮಾತ್ರ ಇದ್ದವು.

ಬ್ಯಾಡ್ಜ್ ಬ್ರಿಟಿಷ್ ಸೈನ್ಯದ ಫಿರಂಗಿ ದಳವಾದ ರಾಯಲ್ ಆರ್ಟಿಲರಿಯದು, ಫಿರಂಗಿಯ ಮೇಲೆ ಕಿರೀಟ. ‘ಬೆಂಗಳೂರು ದಂಡಿನಲ್ಲಿದ್ದ ಬ್ರಿಟಿಷ್ ಸಿಪಾಯಿ ಹಾಕಿದ್ದು’ ಎಂದಿದ್ದರು. ಕಿರೀಟ ನೋಡುವುದನ್ನು ಆ ಹಿರಿಯರು ಕಲಿಸಿದರು. 1901ರಿಂದ 1952ರವರೆಗೆ, ದೊರೆಗಳ ಕಾಲದಲ್ಲಿ, ಕಿರೀಟದ ಕಮಾನು ಗುಮ್ಮಟದ ಹಾಗೆ ದುಂಡಗೆ ಇರುತ್ತದೆ. ಎರಡನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಅದು ನಡುವೆ ಒಳಕ್ಕೆ ತಗ್ಗಿರುತ್ತದೆ. ನನ್ನದು ತಗ್ಗಿತ್ತು. ಕೊನೆಯ ಬ್ರಿಟಿಷ್ ಪಡೆ 1948ರ ಫೆಬ್ರುವರಿ 28ರಂದೇ ಮುಂಬಯಿಯಿಂದ ಹಡಗು ಹತ್ತಿತ್ತು. ಆ ಬ್ಯಾಡ್ಜ್ ಬೆಂಗಳೂರು ದಂಡಿನಲ್ಲಿ ಹೇಗೆ ಇರಲು ಸಾಧ್ಯ? ಒಂದು ಎಚ್ಚರ: 2022ರಲ್ಲಿ ಚಾರ್ಲ್ಸ್ ದೊರೆ ಮತ್ತೆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡರು. ಹಾಗಾಗಿ ದುಂಡಗಿದ್ದ ಮಾತ್ರಕ್ಕೆ ಹಳೆಯದು ಅಂದುಕೊಳ್ಳಬೇಡಿ.

ಅದೇ ಮಾರಾಟಗಾರ ಒಂದು ಖಾಕಿ ಕೋಟನ್ನೂ ತೋರಿಸಿದ್ದರು. ಪುಣ್ಯಕ್ಕೆ ಕೊಳ್ಳಲಿಲ್ಲ. ಬಟ್ಟೆಯ ಬಗ್ಗೆ ನನಗೆ ಗೊತ್ತಾಗಿದ್ದು ಇಷ್ಟೇ: ಹೊಸ ಕಾಲದ ಹೊಲಿಗೆ ದಾರ ಸಾಮಾನ್ಯವಾಗಿ ಅಲ್ಟ್ರಾವೈಲೆಟ್ ಟಾರ್ಚಿನ ಬೆಳಕಲ್ಲಿ ನೀಲಿಬಿಳಿಯಾಗಿ ಹೊಳೆಯುತ್ತದೆ. ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಹಳೆ ಬಟ್ಟೆಯೂ ಹೊಳೆಯಬಹುದು. ಅದೊಂದನ್ನೇ ನಂಬಬಾರದು.

ವಾಪಸ್ ಕೇಳಿದಾಗ ಆ ಖಾತೆಯೇ ಇರಲಿಲ್ಲ. ಸೈಬರ್ ವಂಚನೆಗೆ 1930 ನಂಬರಿಗೆ ತಕ್ಷಣ ಫೋನ್ ಮಾಡಿದರೆ ದುಡ್ಡು ತಡೆಯುವ ದಾರಿ ಇರುತ್ತದೆ. ನನಗೆ ಮೋಸ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳಾಗಿತ್ತು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇದು. ದಳದ ಹೆಸರು ಬೇಕಾದರೆ ಹೇಳಿ, ವ್ಯಕ್ತಿಯ ಹೆಸರು ಬೇಡ. ಅಂಚಿನ ಸುತ್ತಲೂ ಫೋಟೋ ಕೇಳಿ, ಪಕ್ಕದಲ್ಲಿ ಕ್ಯಾಲಿಪರ್ ಇಟ್ಟು ಅಳತೆ ತೋರಿಸಲು ಹೇಳಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕನ ಮೆಡಲ್ ಆದರೆ, ಅವನಿಗೆ ಯಾವ ಮೆಡಲ್ ಸಲ್ಲುತ್ತದೆ ಎಂದು ಬರೆದಿಟ್ಟ ಮೆಡಲ್ ಕಾರ್ಡನ್ನು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ದಾಖಲೆಯಲ್ಲಿ ಆನ್‌ಲೈನಿನಲ್ಲೇ ಹುಡುಕಬಹುದು. ಎರಡನೇ ಮಹಾಯುದ್ಧದ ಮೆಡಲ್‌ಗಳ ಲೆಕ್ಕ ಬೇರೆ: ಬ್ರಿಟಿಷ್ ಸೈನಿಕರ ಸ್ಟಾರ್‌ಗಳಿಗೆ ಸರ್ಕಾರ ಹೆಸರು ಹಾಕಿಸಲಿಲ್ಲ, ಭಾರತೀಯರದಕ್ಕೆ ಹಾಕಿಸಿತು.

ಇಷ್ಟೆಲ್ಲ ಆದ ಮೇಲೆ ಅತ್ತೆಯ ಮನೆಗೆ ಹೋಗಿದ್ದೆ. ಎಲ್ಲಾ ಕೇಳಿ ಅತ್ತೆ ಒಳಗೆ ಹೋಗಿ ದೇವರ ಪೆಟ್ಟಿಗೆ ತಂದರು. ಅದರಲ್ಲಿ ಒಂದು ಕಂಚಿನ ಬಿಲ್ಲೆ. ರೆಕ್ಕೆ ಇರುವ ಹೆಂಗಸು ನಿಂತಿದ್ದಾಳೆ. ಲಕ್ಷ್ಮಿ ಅಂದುಕೊಂಡು ಅಷ್ಟು ವರ್ಷ ಪೂಜೆ ಮಾಡಿದ್ದಾರೆ. ಅದು ಮೊದಲ ಮಹಾಯುದ್ಧಕ್ಕೇ ಕೊಟ್ಟ ಇನ್ನೊಂದು ಮೆಡಲ್, ವಿಕ್ಟರಿ ಮೆಡಲ್. ಕಂಚಿನದಾದ್ದರಿಂದ ಅಕ್ಕಸಾಲಿಗನಿಗೆ ಬೇಡವಾಗಿತ್ತು, ಉಳಿಯಿತು. ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಂಚಿನ ಅಕ್ಷರಗಳು ಸವೆದುಹೋಗಿದ್ದವು. ದಯವಿಟ್ಟು ನಿಮ್ಮ ಮನೆಯಲ್ಲಿದ್ದರೆ ಹುಣಸೆಹಣ್ಣು, ಪಾಲಿಶ್ ಯಾವುದನ್ನೂ ಮುಟ್ಟಿಸಬೇಡಿ.

ಭೂತಗನ್ನಡಿ ಹಿಡಿದು ಕಿಟಕಿ ಹತ್ತಿರ ಕೂತೆ. ನಂಬರಿನ ಕೊನೆಯ ಎರಡು ಅಂಕಿ ಸಿಕ್ಕಿತು. ನಕಲಿಯ ನಂಬರಿಗೂ ಇದಕ್ಕೂ ಹೊಂದಲಿಲ್ಲ. ದಳದ ಹೆಸರಿನಲ್ಲಿ ‘ಮೈಸೂರ್’ ಎಂಬುದು ಮಸುಕಾಗಿ ಕಂಡಿತು. ಹೆಸರಿನ ಕೊನೆಯ ಮೂರು ಅಕ್ಷರ ಮಾತ್ರ ಚೆನ್ನಾಗಿ ಉಳಿದಿದ್ದವು: ಆರ್, ಓ, ಡಬ್ಲ್ಯೂ. ಹಳೆ ಮೈಸೂರಿನ ಕಾಗದಪತ್ರಗಳಲ್ಲಿ ‘ರಾವ್’ ಎನ್ನುವುದನ್ನು ಹಾಗೇ ಬರೆಯುತ್ತಿದ್ದರು.

ಅತ್ತೆ ಅದನ್ನು ನನಗೇ ಕೊಟ್ಟರು. ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಈ ಸಲದ ಆಯುಧಪೂಜೆಗೆ ಅಪ್ಪ ಕುಂಕುಮವನ್ನು ಬಟ್ಟೆಗೆ ಹಚ್ಚಿದರು, ಬಿಲ್ಲೆಗೆ ಹಚ್ಚಲಿಲ್ಲ.