ಹಾಸನದ ಒಂದು ಮನೆಭೇಟಿ ಉಪಶಾಮಕ ಆರೈಕೆ ಸೇವೆ: ನಾಲ್ಕು ತಿಂಗಳ ಅನುಭವ

ನಮ್ಮ ತಂದೆಯವರಿಗೆ 78 ವರ್ಷವಾಗಿತ್ತು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಇನ್ನು ಕೀಮೋಥೆರಪಿ ಕೊಟ್ಟರೆ ಇರುವ ತ್ರಾಣವೂ ಹೋಗುತ್ತದೆ ಎಂದು ಬೆಂಗಳೂರಿನ ವೈದ್ಯರು ಹೇಳಿದ ಮೇಲೆ ಅವರನ್ನು ಆಲೂರು ತಾಲ್ಲೂಕಿನ ನಮ್ಮ ಮನೆಗೆ ಕರೆತಂದೆವು. ಅಲ್ಲಿಂದ ಅವರು ತೀರಿಕೊಳ್ಳುವವರೆಗೆ ಉಪಶಾಮಕ ಆರೈಕೆಗೆ, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆ, ಹಾಸನದ ಒಂದು ಖಾಸಗಿ ಸಂಸ್ಥೆಯಿಂದ ವಾರಕ್ಕೆರಡು ಬಾರಿ ಸಿಸ್ಟರ್, ಹದಿನೈದು ದಿನಕ್ಕೊಮ್ಮೆ ವೈದ್ಯರು ಬರುತ್ತಿದ್ದರು. ಹೊಗಳಿಕೆಯ ಜೊತೆಗೆ ದೂರೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಮೊದಲ ಭೇಟಿಯನ್ನೇ ಹೇಳಬೇಕು. ನೋವಿಗೆಂದು ಬರೆದುಕೊಟ್ಟಿದ್ದ, ಅಫೀಮು ಮೂಲದ ಮಾರ್ಫಿನ್ ಔಷಧದ 10 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕೆಂದಿತ್ತು. ಅಮ್ಮ ಗಡಿಯಾರ ನೋಡಿಕೊಂಡು ಐದು ದಿನದಲ್ಲಿ 30 ಮಾತ್ರೆ ಕೈಗೆ ಕೊಟ್ಟಿದ್ದರು. ಆದರೂ ಅಪ್ಪ ರಾತ್ರಿಯೆಲ್ಲ ನರಳುತ್ತಿದ್ದರು. ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ದಿಂಬಿನ ಕೆಳಗಿದ್ದ ಎಲೆಯಡಿಕೆ ಸಂಚಿಯನ್ನು ತೋರಿಸುವಂತೆ ಅಪ್ಪನನ್ನೇ ಕೇಳಿದರು. ಅದರಲ್ಲಿ 19 ಮಾತ್ರೆಗಳಿದ್ದವು. "ಈಗ್ಲೇ ಎಲ್ಲಾ ನುಂಗ್ಬಿಟ್ರೆ, ಮುಂದೆ ನೋವು ಜಾಸ್ತಿಯಾದಾಗ ಏನ್ ನುಂಗ್ಲವ್ವಾ?" ಎಂದರು ಅಪ್ಪ. ನೋವು ಏರಿದರೆ ವೈದ್ಯರು ಈ ಔಷಧದ ಪ್ರಮಾಣವನ್ನೂ ಏರಿಸುತ್ತಾರೆ, ಕೂಡಿಟ್ಟುಕೊಳ್ಳುವ ಅಗತ್ಯವಿಲ್ಲ ಎಂದು ವಿವರಿಸಿದ ಸಿಸ್ಟರ್, "ತಾತ, ಆನೆ ಗದ್ದೆಗಿಳಿಯೋಕೆ ಮುಂಚೆ ತಾನೇ ಬೇಲಿ ಹಾಕೋದು?" ಎಂದರು. "ಆನೆಗೆ ಬೇಲಿ ಯಾವ ಲೆಕ್ಕ" ಎಂದು ಗೊಣಗುತ್ತಲೇ ಅಪ್ಪ ಮಾತ್ರೆ ನುಂಗಿದರು. ಆ ವಾರವೇ ಅವರಿಗೆ ನಿದ್ದೆ ಹತ್ತಿತು.

ಮಾರ್ಫಿನ್ ಜೊತೆಗೆ ಮಲಬದ್ಧತೆಯ ಔಷಧವನ್ನು ಮೊದಲ ದಿನದಿಂದಲೇ ಕೊಡಬೇಕಿತ್ತೆಂದು ತಿಳಿದದ್ದೂ ಇವರಿಂದಲೇ. ಬಾಡಿಗೆಗೆ ತಂದ ಗಾಳಿಹಾಸಿಗೆ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕೆಂದು ಹಟ ಹಿಡಿದರು, ಬೆನ್ನಿನಲ್ಲಿ ಹುಣ್ಣಾಗಲಿಲ್ಲ. ಉಸಿರು ಕಟ್ಟಿದಂತಾದಾಗ ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಬೀಳುವಂತೆ ಇಟ್ಟರೆ ಹಾಯೆನಿಸುತ್ತದೆ ಎಂಬುದು ಅವರು ತೋರಿಸಿಕೊಟ್ಟ, ಕಾಸಿಲ್ಲದ ಉಪಾಯ. ಕೊನೆಯ ವಾರ ಅಪ್ಪ ಗಂಜಿಯನ್ನೂ ಬೇಡವೆಂದಾಗ ಅಮ್ಮ ಚಮಚ ಹಿಡಿದು ಅಳುತ್ತಿದ್ದರು. ಸಿಸ್ಟರ್ ಆ ಚಮಚವನ್ನು ತೆಗೆದಿಟ್ಟು, ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸುವುದನ್ನು ಅಮ್ಮನಿಗೆ ಕಲಿಸಿದರು.

ಇನ್ನು ದೂರುಗಳು. ಕರಪತ್ರದಲ್ಲಿ 24 ಗಂಟೆಯ ಸೇವೆ ಎಂದಿದೆ, ಆದರೆ ಒಂದು ಭಾನುವಾರ ರಾತ್ರಿ ಎರಡು ಗಂಟೆಗೆ ಮೂರು ಬಾರಿ ಕರೆ ಮಾಡಿದರೂ ಯಾರೂ ಎತ್ತಲಿಲ್ಲ, ಬೆಳಿಗ್ಗೆ ಆರಕ್ಕೆ ತಿರುಗಿ ಫೋನ್ ಬಂತು. ದೂರು ಕೊಟ್ಟ ಮೇಲೆ ಸಿಸ್ಟರ್ ಅವರ ಸ್ವಂತ ನಂಬರನ್ನೇ ಕೊಟ್ಟರು. ಅದು ಪರಿಹಾರವಲ್ಲ, ಆ ಹೆಣ್ಣುಮಗಳೂ ಮಲಗಬೇಕಲ್ಲ. ಹಾಸನದ ಹೊರಗಿನ ಭೇಟಿಗೆ ಪ್ರಯಾಣದ ವೆಚ್ಚ ಪ್ರತ್ಯೇಕ ಎಂಬುದು ನಮಗೆ ಗೊತ್ತಾದದ್ದು ಬಿಲ್ ಬಂದ ಮೇಲೆ. ಮಾರ್ಫಿನ್ ಅನ್ನು ಇವರು ತಂದುಕೊಡುವುದಿಲ್ಲ ಎಂಬುದನ್ನೂ ಮೊದಲೇ ಹೇಳಲಿಲ್ಲ. 1985ರ ಮಾದಕ ದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ನಿಯಮಗಳು ಸಡಿಲಗೊಂಡಿದ್ದರೂ ಈ ಮಾತ್ರೆ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದಲ್ಲ. ಚೀಟಿ ಹಿಡಿದು ಮಾನ್ಯತೆ ಇರುವ ಆಸ್ಪತ್ರೆಗೇ ಹೋಗಬೇಕು. ಒಮ್ಮೆ ನಾಲ್ಕೇ ಮಾತ್ರೆ ಉಳಿದಿರುವಾಗ ನಾನು ಬೈಕಿನಲ್ಲಿ ಹಾಸನಕ್ಕೆ ಓಡಿದ್ದೇನೆ. ಈ ಸೇವೆಯನ್ನು ಪಡೆಯುವವರು ಈ ಮೂರನ್ನೂ ಮೊದಲ ದಿನವೇ ಕೇಳಿ ಬರೆಸಿಕೊಳ್ಳಬೇಕು.

ಮನೆಯಲ್ಲಿ ರಾತ್ರಿ ಸರದಿ ಕೂರಲು ಇಬ್ಬರಾದರೂ ಇದ್ದರೆ ಮಾತ್ರ ಇದು ಸಾಕಾಗುತ್ತದೆ. ಯಾರೂ ಇಲ್ಲದವರು ಬೆಂಗಳೂರಿನ ಕರುಣಾಶ್ರಯದಂತಹ, ಒಳರೋಗಿಗಳಾಗಿ ಉಚಿತವಾಗಿ ನೋಡಿಕೊಳ್ಳುವ ಸಂಸ್ಥೆಯನ್ನು ವಿಚಾರಿಸುವುದು ಮೇಲು.

ಅಪ್ಪ ಹೋದ ಮೂರನೆಯ ದಿನ ಸಿಸ್ಟರ್ ತಾವಾಗಿಯೇ ಬಂದರು. ಉಳಿದ ಮಾತ್ರೆಗಳನ್ನು ಎಣಿಸಿ, ಬರೆದುಕೊಂಡು, ಆಸ್ಪತ್ರೆಗೆ ಹಿಂದಿರುಗಿಸುವಂತೆ ಹೇಳಿದರು. ಸಂಚಿಯನ್ನೂ ಒಮ್ಮೆ ನೋಡಿ ಎಂದರು. ಅದರಲ್ಲಿ ಎರಡು ಅಡಿಕೆ ಹೋಳು ಮಾತ್ರ ಇದ್ದವು.