ಬನ್ನೇರುಘಟ್ಟ: ಸಫಾರಿಯೋ, ಕರಡಿ ರಕ್ಷಣಾ ಕೇಂದ್ರವೋ?

ಚಿಕ್ಕ ಮಕ್ಕಳಿಗೆ ಹುಲಿ, ಸಿಂಹ ತೋರಿಸಬೇಕೆಂದರೆ ಸಫಾರಿಯೇ ಸರಿ. ಟಿಕೆಟ್ ತಗೊಂಡು ಬಸ್ಸು ಹತ್ತಿದರಾಯಿತು. ಮಂಗಳವಾರ ಮಾತ್ರ ರಜೆ.

ಅದೇ ಉದ್ಯಾನದೊಳಗೆ 2005ರಿಂದ ಇರುವ ಕರಡಿ ರಕ್ಷಣಾ ಕೇಂದ್ರದ ಅನುಭವವೇ ಬೇರೆ. ಮೊದಲೇ ಕೇಳಿಕೊಂಡು ಹೋಗಬೇಕು, ಗದ್ದಲ ಮಾಡಬಾರದು. ನಾವು ಚಿಕ್ಕವರಿದ್ದಾಗ ಬೀದಿಗೆ ಕರಡಿ ಆಡಿಸುವವರು ಬಂದರೆ ಓಡಿಹೋಗಿ ನೋಡುತ್ತಿದ್ದೆವು. ಮರಿಯಿದ್ದಾಗಲೇ ಮೂತಿಗೆ ಕಾದ ಕಬ್ಬಿಣ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಮುರಿಯುತ್ತಿದ್ದರು ಎಂಬುದು ನಮಗೆಲ್ಲಿ ಗೊತ್ತಿತ್ತು? ಹಾಗೆ ಕುಣಿದ ಜೀವಗಳಿಗೆ ಆಸರೆಯಾದ ಜಾಗವಿದು. ಅವು ಮತ್ತೆ ಕಾಡಿನಲ್ಲಿ ಬದುಕಲಾರವು. ಗಂಜಿ, ಹಣ್ಣು ಕೊಟ್ಟು ಕೊನೆತನಕ ಸಾಕಬೇಕು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ನಾನು ಮೊದಲು ಕರೆದೊಯ್ಯುವುದು ಈ ಕರಡಿಗಳ ಬಳಿಗೇ.