ತೋಟದ ಮನೆಯಿಂದ ಹೋಂಸ್ಟೇಗೆ ವೈಫೈ: ಟಿಪಿ-ಲಿಂಕ್ ಸಿಪಿಇ510 ಜೋಡಿ ಹೇಗಿದೆ?

ಮೂಡಿಗೆರೆ, ಆಲ್ದೂರು, ಕೊಪ್ಪದ ಕಡೆ ತೋಟದ ಮನೆಯವರೆಗೆ ಫೈಬರ್ ಬಂದರೂ, ಅಲ್ಲಿಂದ ನಾನೂರು ಐನೂರು ಮೀಟರ್ ಆಚೆಯ ಹೋಂಸ್ಟೇಗೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೋ ಇಂಟರ್ನೆಟ್ ಮುಟ್ಟುವುದಿಲ್ಲ. ಇನ್ನೆರಡು ಆಂಟೆನಾ ಜಾಸ್ತಿ ಇರುವ ರೂಟರ್ ತಂದರೆ ಆದೀತು ಅಂತ ಹಲವರು ದುಡ್ಡು ಹಾಕುತ್ತಾರೆ. ಆಗುವುದಿಲ್ಲ. ರೂಟರ್ ಕೂಗಿದ್ದು ಫೋನಿಗೆ ಕೇಳಿಸಿದರೂ ಫೋನ್ ಓಗೊಟ್ಟದ್ದು ರೂಟರಿಗೆ ಕೇಳಿಸಬೇಕಲ್ಲ, ಅದರ ದನಿ ಸಣ್ಣದು. ಲ್ಯಾನ್ ಕೇಬಲ್ ಎಳೆಯೋಣವೆಂದರೆ ಅದರ ಮಿತಿ 100 ಮೀಟರ್. ಇಂಥ ಕಡೆ ಸಿಪಿಇ510 ಎರಡು ತಂದು ಎದುರುಬದುರು ಕಟ್ಟುವುದೇ ಸರಿ.

ಇದು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಹೊರಗೆ ಕಂಬಕ್ಕೆ ಕಟ್ಟುವ ಸಾಧನ. ಒಳಗಿನ ಆಂಟೆನಾ 13 ಡಿಬಿಐ (ಒಂದು ದಿಕ್ಕಿಗೆ ಕೂಡಿಸುವ ಬಲದ ಅಳತೆ), ಸಿಗ್ನಲನ್ನು ಸುತ್ತಲೂ ಚೆಲ್ಲದೆ ಟಾರ್ಚಿನ ಹಾಗೆ ಒಂದೇ ಕಡೆಗೆ ಬಿಡುತ್ತದೆ. ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಅಂತ ಇದ್ದರೂ ಲ್ಯಾನ್ ಪೋರ್ಟ್ 100ರದ್ದು, ಹಾಗಾಗಿ ಕೈಗೆ ಸಿಗುವುದು ಹೆಚ್ಚೆಂದರೆ 90ರ ಆಸುಪಾಸು. 50 ಅಥವಾ 100 ಎಂಬಿಪಿಎಸ್ ಪ್ಲಾನ್ ಇದ್ದವರಿಗೆ ಧಾರಾಳ ಸಾಕು. 300ರ ಪ್ಲಾನ್ ಹಾಕಿಸಿ ಅಷ್ಟನ್ನೂ ಆಚೆ ದಾಟಿಸಬೇಕು ಅನ್ನುವವರು ಇದನ್ನು ಕೊಳ್ಳಬೇಡಿ.

ಕಾಫಿ ತೋಟದಲ್ಲಿ ಇದರ ಹಣೆಬರಹ ಬರೆಯುವುದು ಮರ. ಎರಡು ಸಾಧನ ಒಂದಕ್ಕೊಂದು ಕಂಡರೆ ಸಾಲದು, ನಡುವಿನ ಗೆರೆಯ ಸುತ್ತಲೂ ಜಾಗ ಖಾಲಿ ಇರಬೇಕು. 500 ಮೀಟರ್ ದೂರಕ್ಕೆ ಮಧ್ಯಭಾಗದಲ್ಲಿ ಸುಮಾರು ಎರಡೂವರೆ ಮೀಟರ್ ಮೇಲೆ, ಕೆಳಗೆ, ಎಡಬಲ ಬಿಡುವು ಬೇಕು. ಜನವರಿಯ ಬಿಸಿಲಲ್ಲಿ ಚೆನ್ನಾಗಿ ನಡೆದ ಲಿಂಕ್ ಜುಲೈಯಲ್ಲಿ ಸಾಯುವುದಕ್ಕೆ ಮಳೆಹನಿ ಅಷ್ಟಾಗಿ ಕಾರಣವಲ್ಲ, ಒದ್ದೆಯಾದ ಎಲೆ ಕಾರಣ. ಎಲೆಯ ಮೇಲಿನ, ಎಲೆಯೊಳಗಿನ ನೀರು ಸಿಗ್ನಲನ್ನು ನುಂಗುತ್ತದೆ. ಮರಗಸಿ ಮಾಡಿಸುವಾಗಲೇ ಆ ಸಾಲಿನ ಸಿಲ್ವರ್ ಮರದ ಕೊಂಬೆ ತೆಗೆಸಿ, ಮತ್ತೆ ಚಿಗುರುವ ಲೆಕ್ಕ ಇಟ್ಟುಕೊಂಡು ಕಂಬ ಒಂದೆರಡು ಮೀಟರ್ ಎತ್ತರವೇ ಇರಲಿ. ಸಾಧನವನ್ನು ಮರಕ್ಕೇ ಕಟ್ಟಬೇಡಿ, ಗಾಳಿಗೆ ತೂಗುತ್ತದೆ.

ಹೊಂದಿಸುವ ಕೆಲಸವನ್ನು ಕಂಬ ಹತ್ತುವ ಮೊದಲು ಮೇಜಿನ ಮೇಲೇ ಮುಗಿಸಿ. ಪವರ್ ಕೊಡುವ ಪುಟ್ಟ ಅಡಾಪ್ಟರಿನಲ್ಲಿ ಎರಡು ತೂತು ಇವೆ: ಪಿಓಇ (ಲ್ಯಾನ್ ಕೇಬಲಿನಲ್ಲೇ ಕರೆಂಟ್ ಕಳಿಸುವ ವ್ಯವಸ್ಥೆ) ಅಂತ ಬರೆದದ್ದಕ್ಕೆ ಸಾಧನದ ಕೇಬಲ್, ಲ್ಯಾನ್ ಅಂತ ಬರೆದದ್ದಕ್ಕೆ ಕಂಪ್ಯೂಟರ್. ಅದಲುಬದಲಾದರೆ 24 ವೋಲ್ಟ್ ನೇರ ಕಂಪ್ಯೂಟರಿನ ಪೋರ್ಟಿಗೆ ಹೋಗುತ್ತದೆ. ಕಂಪ್ಯೂಟರಿಗೆ 192.168.0.10 ಅಂತ ಐಪಿ ಕೊಟ್ಟು ಬ್ರೌಸರಿನಲ್ಲಿ 192.168.0.254 ತೆರೆಯಿರಿ. ಎರಡಕ್ಕೂ ಹುಟ್ಟಿನಿಂದ ಇದೇ ವಿಳಾಸ, ಆದ್ದರಿಂದ ಒಂದೊಂದಾಗಿಯೇ ಹಚ್ಚಿ, ಎರಡನೆಯದನ್ನು 253ಕ್ಕೆ ಬದಲಿಸಿ. ಮನೆಯ ರೂಟರ್ 192.168.1 ಸಾಲಿನದಾದರೆ ಎರಡನ್ನೂ ಆ ಸಾಲಿಗೇ ತನ್ನಿ, ಇಲ್ಲವಾದರೆ ನಾಳೆ ಸಿಗ್ನಲ್ ನೋಡಬೇಕೆಂದಾಗ ಪುಟ ತೆರೆಯುವುದಿಲ್ಲ.

ಮನೆಯ ಕಡೆಯದು ಆಕ್ಸೆಸ್ ಪಾಯಿಂಟ್ ಮೋಡ್, ಆಚೆಯದು ಕ್ಲೈಂಟ್ ಮೋಡ್. ದೇಶ ಇಂಡಿಯಾ, ಭದ್ರತೆ ಡಬ್ಲ್ಯೂಪಿಎ2, ಚಾನೆಲ್ 149ರಿಂದ 161ರೊಳಗೆ ಒಂದು. ಕ್ಲೈಂಟ್‌ನಲ್ಲಿ ಸರ್ವೇ ಒತ್ತಿ, ಮನೆಯ ಕಡೆಯ ಸಾಧನಕ್ಕೆ ನೀವಿಟ್ಟ ವೈಫೈ ಹೆಸರು ಆರಿಸಿ ಲಾಕ್ ಮಾಡಿ. ಮೇಜಿನ ಮೇಲೆ ಮುಖಾಮುಖಿ ಇಡಬೇಡಿ, ಅಷ್ಟು ಹತ್ತಿರದಲ್ಲಿ ಒಂದರ ಅಬ್ಬರಕ್ಕೆ ಇನ್ನೊಂದರ ಕಿವಿ ಕಿವುಡಾಗುತ್ತದೆ. ಪವರ್ ತಗ್ಗಿಸಿ, ಬೇರೆ ಬೇರೆ ಕೋಣೆಯಲ್ಲಿಡಿ.

ಕಂಬಕ್ಕೇರಿಸಿದ ಮೇಲೆ ಒಬ್ಬರು ನಿಧಾನ ತಿರುಗಿಸಲಿ, ಇನ್ನೊಬ್ಬರು ಸಿಗ್ನಲ್ ಓದಲಿ. 500 ಮೀಟರಿಗೆ ದಾರಿ ಖಾಲಿ ಇದ್ದರೆ ಮೈನಸ್ 55 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ) ಹತ್ತಿರ ಬರಬೇಕು. ಮೈನಸ್ 65ರವರೆಗೆ ನಿಶ್ಚಿಂತೆ. ಮೈನಸ್ 75 ತೋರಿಸಿದರೆ ಸಾಧನ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ, ನಡುವೆ ಎಲ್ಲೋ ಮರವಿದೆ ಅಥವಾ ಮುಖ ತಪ್ಪಿದೆ.

ಆಚೆ ತುದಿಯಲ್ಲಿ ಫೋನುಗಳಿಗೆ ವೈಫೈ ಹಂಚಲು ಇಡುವ ರೂಟರಿನಲ್ಲೇ ಹೆಚ್ಚಿನವರು ಎಡವುವುದು. ಅದರ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಮನೆಯ ರೂಟರಿನದಲ್ಲದ ಬೇರೆ ಐಪಿ ಕೊಟ್ಟು, ಅಡಾಪ್ಟರಿನ ಲ್ಯಾನ್ ತೂತಿನಿಂದ ಬರುವ ಕೇಬಲನ್ನು ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಎರಡು ರೂಟರ್ ಒಂದೇ ಜಾಲದಲ್ಲಿ ವಿಳಾಸ ಹಂಚತೊಡಗಿದರೆ ಕೆಲವು ಫೋನಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ.

ಕೇಬಲಿನಲ್ಲಿ ಉಳಿತಾಯ ಬೇಡ. ಪೂರ್ತಿ ತಾಮ್ರದ, ಶೀಲ್ಡ್ ಇರುವ, ಹೊರಾಂಗಣದ ಕ್ಯಾಟ್5ಇ ಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರಿ ಸಾಧನ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಅಡಾಪ್ಟರಿನಿಂದ ಕಂಬಕ್ಕೆ 60 ಮೀಟರ್ ದಾಟದಿರಲಿ. ಪೋರ್ಟಿನ ಬಾಯಿ ಕೆಳಮುಖ ಇರಲಿ, ಗೋಡೆಯೊಳಗೆ ಹೋಗುವ ಮುನ್ನ ಕೇಬಲಿಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗುತ್ತದೆ, ಸ್ಟೀಲ್ ಕ್ಲಾಂಪ್ ಹಾಕಿ.

ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಕಂಬಕ್ಕೂ ಕೇಬಲಿನ ಶೀಲ್ಡಿಗೂ ಅರ್ಥಿಂಗ್ ಇರಲೇಬೇಕು. ಹಾಗಿದ್ದೂ ಮೋಡ ಕವಿಯತೊಡಗಿದಾಗಲೇ, ಗುಡುಗು ಕೇಳಿಸುವ ಮೊದಲೇ ಅಡಾಪ್ಟರ್ ಪ್ಲಗ್ಗನ್ನೂ ರೂಟರಿಗೆ ಹೋಗುವ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಕರೆಂಟ್ ಹೋದಾಗ ರೂಟರಿಗೆ ಬಳಸುವ 12 ವೋಲ್ಟಿನ ಮಿನಿ ಯುಪಿಎಸ್ ಇದಕ್ಕೆ ಆಗದು. ಮನೆಯ ಇನ್ವರ್ಟರ್ ಲೈನಿಗೆ ಕೊಡಿ, ಎರಡೂ ತುದಿಯಲ್ಲಿ.

ಮರ ಕಡಿಸಲು ಆಗದ, ನಡುವೆ ಗುಡ್ಡದ ಏಣು ಬಂದಿರುವ ತೋಟಕ್ಕೆ ಇದು ಬೇಡವೇ ಬೇಡ. ಅಲ್ಲಿ ಫೈಬರ್ ಡ್ರಾಪ್ ಕೇಬಲ್ ಎಳೆದು ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಸಿಡಿಲು ಆ ಗಾಜಿನ ಎಳೆಯಲ್ಲಿ ಹರಿದು ಬರುವುದಿಲ್ಲ, ಲೋಹದ ತಂತಿಯ ಆಸರೆ ಇಲ್ಲದ ಕೇಬಲನ್ನೇ ಕೇಳಿ.